ವೃಷಭೇಂದ್ರಪ್ಪನ ಆಸನೋತ್ಪಾಟನ ಪರ್ವ

ಎಲೈ ತುಕ್ಕಿನ ಅಧಿದೇವತೆಯೇ, ಲೋಹಭಕ್ಷಿಣಿಯೇ, ಬಾನೆಟ್ಟಿನಿಂದ ಡಿಕ್ಕಿಯವರೆಗೆ ಸರ್ವಾಂತರ್ಯಾಮಿಯಾದವಳೇ, ಮೊದಲ ನಮಸ್ಕಾರ ನಿನಗೆ! ಷಡ್ಡಕರೆಲ್ಲ ಹೊಸ ಕಾರು ಕೊಂಡು ಮೆರೆಯುವ ಈ ಘೋರ ಕಲಿಯುಗದಲ್ಲಿ, ಬೆಣ್ಣೆದೋಸೆಪರಿಮಳಿತ ದಾವಣಗೆರೆಯಲ್ಲಿ, ಸ್ಪ್ಯಾನರ್‌ಧರನೂ ಹಠೈಕಧನನೂ ಪತ್ನೀವಚನಬಧಿರನೂ ಆದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ವೃಷಭೇಂದ್ರಪ್ಪನೆಂಬ ವೀರನಿದ್ದನು.

ಕಳೆದ ಆಯುಧಪೂಜೆಯಂದು ಷಡ್ಡಕ ಮಹಾರುದ್ರಪ್ಪ, ಅಂದರೆ ಹೆಂಡತಿ ದಾಕ್ಷಾಯಣಮ್ಮನ ಅಕ್ಕನ ಗಂಡ, ಅಂಗಳದಲ್ಲಿ ಕೊಳೆಯುತ್ತಿದ್ದ ವೃಷಭೇಂದ್ರಪ್ಪನ ತಂದೆಯ ಕಾಲದ ಕಾರನ್ನು ಕಂಡು, ಗುಜರಿಯವನೂ ಇದನ್ನು ಮೂಸಿ ನೋಡುವುದಿಲ್ಲ ಎಂದು ನಕ್ಕುಬಿಟ್ಟಿದ್ದ. ನೆಂಟರೆದುರು ದಾಕ್ಷಾಯಣಮ್ಮ ತಲೆ ತಗ್ಗಿಸಿದ್ದಳು. ಆ ತಗ್ಗಿದ ತಲೆಯನ್ನು ಕಂಡು ವೀರನು ಮೀಸೆ ತಿರುವಿದ್ದನು.

“ಮುಂದಿನ ಆಯುಧಪೂಜಿಗೆ ಇದೇ ಕಾರ್ನಾಗೆ ಇವಳನ್ನ ಕೂರಿಸ್ಕೊಂಡು ನಿಮ್ಮ ಮನಿಗೆ ಊಟಕ್ಕೆ ಬರ್ತೀನಿ. ಬರಲಿಲ್ಲ ಅಂದ್ರೆ ಈ ಮೀಸಿ ಬೋಳಿಸ್ತೀನಿ” ಎಂದು ಗರ್ಜಿಸಿದ್ದ.

ಗರ್ಜಿಸಿದ ಆಯಾಸಕ್ಕೆ ವರ್ಷವೆಲ್ಲ ವಿಶ್ರಾಂತಿ ಬೇಕಾಯಿತು. ಹಬ್ಬ ಇನ್ನೇನು ಬಂತು ಎನ್ನುವಾಗ ಲುಂಗಿ ಎತ್ತಿ ಕಟ್ಟಿ, ಅಡುಗೆಮನೆಯ ಇಕ್ಕಳವನ್ನು ಹೇಳದೆ ಕೇಳದೆ ಎತ್ತಿಕೊಂಡು ರಣರಂಗಕ್ಕಿಳಿದನು. ಕಾರಿನ ಒಳಗನ್ನೆಲ್ಲ ಕಿತ್ತು ಹೊಸದಾಗಿ ಕಟ್ಟುವುದು ಅವನ ವ್ಯೂಹ. ಹಿಂದಿನ ಸೀಟು ಹಿಡಿದಿದ್ದ ತುಕ್ಕುಕವಚಧಾರಿ ಬೋಲ್ಟೊಂದು ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ.

“ಲೇ ಬೋಲ್ಟೇ, ಎಂತೆಂಥ ಪೋಕರಿ ಹುಡುಗ್ರ ಕೈಯಾಗೆ ಗೆರೆ ನೆಟ್ಟಗೆ ಎಳೆಸಿದ ಕೈ ಇದು. ನೀನ್ಯಾವ ಲೆಕ್ಕ?”

ಸ್ಪ್ಯಾನರು ಜಾರಿ ಮೊಣಕಾಲಿಗೆ ಬಡಿಯಿತು. ಅರಿಶಿನ ತರಲೇ ಎಂದು ದಾಕ್ಷಾಯಣಮ್ಮ ಒಳಗಿನಿಂದಲೇ ಕೇಳಿದಳು, ಅಷ್ಟೇ. ಕಡೆಗೆ ಬೋಲ್ಟಿನ ತಲೆ ಹಾರಿ, ಧೂಳೆದ್ದು, ಇಲಿಮರಿಗಳು ದಿಕ್ಕುಪಾಲಾಗಿ, ಸೀಟು ಕಿತ್ತುಬಂತು. ವಿಜಯೋನ್ಮತ್ತನು ಅದನ್ನು ಹೊತ್ತು ತಂದು, ಒರೆಸಿ, ಪಡಸಾಲೆಯಲ್ಲಿಟ್ಟನು. ಬಾಗಿಲ ರೆಕ್ಸಿನ್ನು, ಚಾವಣಿಯ ಬಟ್ಟೆ ಎಲ್ಲವನ್ನೂ ಕಿತ್ತು, ಕಾರಿನೊಳಗೆ ನಿಂತು ಕಟ್ಟಕಡೆಯ ಶತ್ರುವಾದ ನೆಲಹಾಸನ್ನು ಸೆಳೆದನು.

ನೆಲಹಾಸಿನೊಂದಿಗೆ ನೆಲವೂ ಹಪ್ಪಳದಂತೆ ಮುರಿದು ಬಂತು. ನೋಡುತ್ತಾನೆ, ಎರಡೂ ಪಾದಗಳು ಅಂಗಳದ ಮಣ್ಣಿನ ಮೇಲಿವೆ. ಇಷ್ಟು ವರ್ಷ ಕಾರನ್ನು ಹಿಡಿದಿಟ್ಟಿದ್ದುದೇ ಆ ಕೊಳಕು ಹಾಸು. ವೀರನಿಗೆ ಅಳು ಬಂತು; ಹೆಂಡತಿಗೆ ಏನು ಹೇಳಲಿ ಎಂದು ಅಲ್ಲೇ ನಿಂತುಬಿಟ್ಟನು.

ಹಬ್ಬದ ದಿನ ಪ್ರತಿಜ್ಞೆಯ ಗತಿ ನೋಡಲೆಂದೇ ಮಹಾರುದ್ರಪ್ಪ ಹಾರ್ನು ಬಾರಿಸುತ್ತ ಬಂದ. ಪಡಸಾಲೆಯ ಸೀಟಿನಲ್ಲಿ ಕುಳಿತವನು ಹಾಗೇ ಹೂತುಹೋಗಿ, ಆಹಾ ಎಂದು ಕಣ್ಣು ಮುಚ್ಚಿ, ಈ ಸೋಫಾ ಎಲ್ಲಿ ಕೊಂಡಿರಿ, ನನ್ನ ಹೊಸ ಕಾರಿನಲ್ಲೂ ಇಂಥ ಸುಖವಿಲ್ಲ ಎಂದ. ವೃಷಭೇಂದ್ರಪ್ಪ ಗೋಡೆ ನೋಡಿದನು. ಮೀಸೆ ಆಗಲೇ ಇರಲಿಲ್ಲ.

ದಾಕ್ಷಾಯಣಮ್ಮ ಚೆಂಡುಹೂವಿನ ತಟ್ಟೆ ಹಿಡಿದು ತಲೆಯೆತ್ತಿ ಬಂದಳು.

“ಏಳಬ್ಯಾಡ್ರಿ ಭಾವಾ, ಸ್ವಲ್ಪ ಸರ್ಕೊಳ್ರಿ ಸಾಕು. ನಮ್ಮ ಕಾರಿಗೆ ಕುಂಕುಮ ಹಚ್ಚಬೇಕು.”

ಸೀಟಿನ ಮೂಲೆಗಳಲ್ಲಿ ನಿಂಬೆಹಣ್ಣು ಇಟ್ಟಳು. ಹತ್ತಿಸಲು ಚಕ್ರಗಳಿಲ್ಲದ ಕಾರಣ ಮಹಾಪ್ರತಿಜ್ಞನು ಸ್ವಂತ ಹಿಮ್ಮಡಿಯಿಂದಲೇ ಅವನ್ನು ತುಳಿದನು. ರಸ ಚಿಮ್ಮಿ ನೆಲವೆಲ್ಲ ಜಿಗುಟಾಯಿತು. ಬಟ್ಟೆ ತಂದು, ಸ್ವಲ್ಪ ಕಾಲೆತ್ತಿ ಎಂದು ಷಡ್ಡಕನಿಗೆ ಹೇಳಿ, ಒರೆಸತೊಡಗಿದನು.