ನಲವತ್ತೇಳನೇ ನಂಬರಿನ ವರ್ಗಾವಣೆ

ಗದ್ದೆಪ್ಪನ ಗ್ರಹಚಾರಕ್ಕೆ ಮೂಲ ಒಂದು ಡಬ್ಬಿ ಹಸಿರು ಬಣ್ಣ. ಆ ಡಬ್ಬಿ ಬುರ್ಹಾನುದ್ದೀನ್ ಸಾಹೇಬರದು. ದೇವದುರ್ಗದ ಶಿಕ್ಷಕರ ತರಬೇತಿ ಶಾಲೆಗೆ ಅವರೇ ಗುಮಾಸ್ತರು, ಅವರೇ ಸಾಮಾನಿನ ಕೋಣೆಯ ಯಜಮಾನರು. ಸರ್ಕಾರದ ಸಾಮಾನು ಯಾವುದೇ ಬರಲಿ, ದಫ್ತರದಲ್ಲಿ ಬರೆದು, ಅದರ ಮೈಮೇಲೆ ಹಸಿರು ನಂಬರು ಹಾಕುವ ತನಕ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಕುರ್ಚಿಗೆ ನಂಬರು, ಗಂಟೆಗೆ ನಂಬರು, ನೀರಿನ ಕೊಡಕ್ಕೆ ನಂಬರು. ಅರ್ಧ ತಾಸು ಅಲುಗಾಡದೆ ಕೂತರೆ ಮನುಷ್ಯನಿಗೂ ಒಂದು ಬರೆದುಬಿಡುತ್ತಾರೆ ಎಂದು ತರಬೇತಿಗೆ ಬಂದ ಹುಡುಗರು ನಗುತ್ತಿದ್ದರು.

೧೯೭೯ರ ಫೆಬ್ರವರಿಯ ಆ ಶನಿವಾರ ಬೆಳಿಗ್ಗೆ ವಿಜ್ಞಾನದ ಮಾಸ್ತರ ಗದ್ದೆಪ್ಪ ಪ್ಲಾಸ್ಮಾ ಪ್ರಯೋಗದ ಪೆಟ್ಟಿಗೆಯ ಬೀಗ ತೆಗೆಸಿದ. ಮೇಲಿನಿಂದ ಬಂದು ಎರಡು ವರ್ಷವಾಗಿದ್ದರೂ ಅದನ್ನು ಯಾರೂ ಮುಟ್ಟಿರಲಿಲ್ಲ. ಬೆಲೆಬಾಳುವ ಸಾಮಾನು, ಒಡೆದರೆ ಯಾರು ಉತ್ತರ ಕೊಡಬೇಕು ಎಂಬುದೇ ಕಾರಣ. ಈಗ ರಾಯಚೂರಿನಿಂದ ದೊಡ್ಡ ಸಾಹೇಬರು ಮಧ್ಯಾಹ್ನ ಎರಡಕ್ಕೆ ತಪಾಸಣೆಗೆ ಬರುವವರಿದ್ದರು. ಪ್ರಿನ್ಸಿಪಾಲ ಮಲ್ಲಯ್ಯನವರು ಹಿಂದಿನ ದಿನವೇ ಗದ್ದೆಪ್ಪನನ್ನು ಕರೆದು ಹೇಳಿದ್ದರು:

"ಸಾಹೇಬ್ರಿಗೆ ಆ ಪ್ಲಾಸ್ಮಾ ತೋರಸ್ರಿ. ಅವರು ಖುಷಿ ಆದ್ರಂದ್ರ ನಿಮ್ಮ ವರ್ಗದ ಅರ್ಜಿ ನಾನೇ ಅವರ ಕೈಗೆ ಕೊಡ್ತೀನಿ."

ಆ ಅರ್ಜಿ ಗದ್ದೆಪ್ಪನ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಕೂತಿತ್ತು. ಮಾನ್ವಿಯಲ್ಲಿ ಮೂರು ವರ್ಷ, ದೇವದುರ್ಗದಲ್ಲಿ ನಾಲ್ಕು. ಹೆಂಡತಿ ಕನಕಮ್ಮ ರಾಯಚೂರಿನಲ್ಲಿ ಪ್ರೈಮರಿ ಶಾಲೆಯ ಮಾಸ್ತರಬಾಯಿ. ಮನೆ ಅಲ್ಲಿನ ತರಬೇತಿ ಶಾಲೆಯ ಎದುರಿಗೇ ಇತ್ತು. ಐದು ವರ್ಷದ ಮಗಳು ಅವನನ್ನು 'ಶನಿವಾರದಪ್ಪ' ಎಂದು ಕರೆಯುತ್ತಿದ್ದಳು. ಓಣಿಯವರಿಗೆ ಅದು ತಮಾಷೆ, ಅವನಿಗಲ್ಲ.

ಪೆಟ್ಟಿಗೆಯಲ್ಲಿ ಮೊಳದುದ್ದದ ಗಾಜಿನ ನಳಿಗೆ, ಅದರ ಎರಡೂ ತುದಿಗೆ ತಗಡಿನ ಟೊಪ್ಪಿಗೆ, ಪಕ್ಕದಲ್ಲಿ ತಾಮ್ರದ ತಂತಿ ಸುತ್ತಿದ ದಪ್ಪ ಸುರುಳಿ. ಸುರುಳಿಯಿಂದ ವಿದ್ಯುತ್ತು ಟೊಪ್ಪಿಗೆಗೆ ತಾಗಿದರೆ ಒಳಗಿನ ತೆಳು ಅನಿಲ ಪ್ಲಾಸ್ಮಾ ಆಗಿ ಹೊಳೆಯಬೇಕು. ಆದರೆ ಎರಡೂ ಟೊಪ್ಪಿಗೆಯ ತುಂಬ ಹಸಿರು ಬಣ್ಣ ದಪ್ಪಗೆ ಕೂತು ೪೭, ೪೭ ಎನ್ನುತ್ತಿತ್ತು.

"ಇದೇನ್ರಿ ಬುರ್ಹಾನುದ್ದೀನ್ ಸಾಹೇಬ್ರ, ಕರೆಂಟ್ ಹೋಗೋ ಬಾಯಿಗೇ ಬಣ್ಣ ಬಳದೀರಿ."

"ಗಾಜಿನ ಮ್ಯಾಲ ಬಣ್ಣ ಲಗೂನ ಒಣಗಂಗಿಲ್ಲ ಸಾಬ್. ತಗಡಿನ ಮ್ಯಾಲ ಪಕ್ಕಾ ಕೂಡ್ತದ. ಒಂದು ಅಳಿಸಿದ್ರ ಇನ್ನೊಂದು ಇರ್ಲಿ ಅಂತ ಎರಡೂ ಕಡಿ ಹಾಕೀನಿ."

"ಕೆರೆದು ತೆಗೀಬೇಕ್ರಿ ಇದನ್ನ."

"ಪರವಾನಿಗಿ ಇಲ್ದ ನಂಬರ್ ಅಳಿಸಂಗಿಲ್ಲ ಸಾಬ್. ನಂಬರಿಲ್ದ ಸಾಮಾನು ದೊಡ್ಡ ಸಾಹೇಬ್ರ ಕಣ್ಣಿಗೆ ಬಿದ್ರ ನನ್ನ ನೌಕರಿ ಏನಾಗಬೇಕು?"

ಒಂದು ತಾಸು ವಾದ ನಡೆದು ರಾಜಿಯಾಯಿತು. ಗದ್ದೆಪ್ಪ ಬ್ಲೇಡು, ಸೀಮೆಎಣ್ಣೆ ಹಿಡಿದು ಟೊಪ್ಪಿಗೆ ಕೆರೆಯುವುದು. ಬುರ್ಹಾನುದ್ದೀನರು ಅದಕ್ಕೆ ಬದಲಾಗಿ ಗಾಜಿನ ನಟ್ಟನಡುವೆ ಹೊಸ ನಂಬರು ಬರೆಯುವುದು. ಅವರು ಗೇಣುದ್ದದ ೪೭ ಬರೆದು, ದೂರ ನಿಂತು ನೋಡಿ, ಸಮಾಧಾನಪಟ್ಟುಕೊಂಡರು. ಕೆರೆದ ಗದ್ದೆಪ್ಪನ ಎರಡು ಬೆರಳಿಗೆ ಚಿಂದಿ ಕಟ್ಟಬೇಕಾಯಿತು.

ಮುಂದೆ ಬ್ಯಾಟರಿ. ಪೆಟ್ಟಿಗೆಯಲ್ಲಿ ಅದು ಬಂದೇ ಇರಲಿಲ್ಲ. ಊರಲ್ಲಿ ದೊಡ್ಡ ಬ್ಯಾಟರಿ ಇದ್ದದ್ದು ಮೈಕ್‌ಸೆಟ್ಟಿನ ಯಂಕೋಬನ ಹತ್ತಿರ. ಗದ್ದೆಪ್ಪ ಅವನ ಅಂಗಡಿಗೆ ಓಡಿದ.

"ಒಯ್ಯಿರಿ ಮಾಸ್ತರ, ಅದಕ್ಕೇನಂತ. ಆದ್ರ ಮೈಕ್ ಬಿಟ್ಟು ಬ್ಯಾಟರಿ ಒಂದೇ ನಾ ಎಲ್ಲೂ ಕಳಿಸಂಗಿಲ್ಲ. ನಾನೂ ಬರ್ತೀನಿ, ಮೈಕೂ ಬರ್ತದ," ಎಂದ ಯಂಕೋಬ.

ಮೈಕು ಬಂದರೆ ತನಗೇನು ನಷ್ಟ ಎಂದುಕೊಂಡ ಗದ್ದೆಪ್ಪ ಹೂಂ ಎಂದ. ಅಂದು ಮಾಡಿದ ತಪ್ಪುಗಳಲ್ಲಿ ಇದು ಮೊದಲನೆಯದು.

ಕೋಣೆಯಲ್ಲಿ ಕತ್ತಲೆಯೂ ಬೇಕಿತ್ತು. ಕಿಟಕಿಗಳಿಗೆ ಬಾಗಿಲಿರಲಿಲ್ಲ. ಯಾಪಲದಿನ್ನಿ ಕಡೆಯ ಕುರಿಗಾರರ ಮನೆಯ ಮಾಳಿಂಗಪ್ಪ ಎಂಬ ವಿದ್ಯಾರ್ಥಿ, "ಸರ್, ನಮ್ಮ ಮಂದಿ ಊರ ಹೊರಗ ಕುರಿ ತರುಬಿ ಬೀಡು ಬಿಟ್ಟಾರ, ಕಂಬಳಿ ತರ್ತೀನ್ರಿ," ಎಂದು ಹೋದವನು ಏಳು ಕರಿ ಕಂಬಳಿ ಹೊತ್ತು ತಂದ. ಕಿಟಕಿಗಳಿಗೆ ಕಟ್ಟಿದ ಮೇಲೆ ಕೋಣೆ ಕಗ್ಗತ್ತಲೆಯಾಯಿತು. ಆ ಸೆಕೆಯಲ್ಲಿ ಕುರಿಯ ವಾಸನೆ ಒಳಗೆ ಗಟ್ಟಿಯಾಗಿ ಕೂತಿತು. ಗದ್ದೆಪ್ಪ ತಂತಿ ಜೋಡಿಸಿ ಒಂದೇ ಕ್ಷಣ ಒತ್ತಿ ನೋಡಿದ. ನಳಿಗೆಯ ತುಂಬ ನೇರಳೆ ಬಣ್ಣದ ಬೆಳಕು ಹರಿಯಿತು. ಅವನಿಗೆ ಆಗಲೇ ರಾಯಚೂರು ಕಂಡಂತಾಯಿತು.

ಸಾಹೇಬರ ಜೀಪು ಎರಡೂವರೆಗೆ ಬಂತು. ಎಲ್ಲರೂ ಕತ್ತಲೆ ಕೋಣೆಯಲ್ಲಿ ಕೂತರು. ಗದ್ದೆಪ್ಪ ಗುಂಡಿಯ ಮೇಲೆ ಬೆರಳಿಟ್ಟಿದ್ದ. ಅಷ್ಟರಲ್ಲಿ ಮಲ್ಲಯ್ಯನವರ ಕಣ್ಣಿಗೆ ಮೈಕು ಬಿತ್ತು.

"ಮೈಕೂ ಅದ ಏನು? ಹಂಗಾದ್ರ ಎರಡು ಮಾತು ಸ್ವಾಗತ ಹೇಳಿಬಿಡ್ತೀನಿ."

ಬೆಳಗಿನಿಂದ ಊರಲ್ಲಿ ಕರೆಂಟು ಇರಲಿಲ್ಲ. ಯಂಕೋಬ ಸದ್ದಿಲ್ಲದೆ ಮೈಕನ್ನು ಅದೇ ಬ್ಯಾಟರಿಗೆ ಸಿಕ್ಕಿಸಿದ. ಮಲ್ಲಯ್ಯನವರ ಎರಡು ಮಾತು ಸಂಸ್ಥೆಯ ಹುಟ್ಟಿನಿಂದ ಶುರುವಾಗಿ, ಆ ವರ್ಷದ ಶೇಂಗಾ ಬೆಳೆಯನ್ನು ಹಾದು, ಸೋರುವ ಮಾಳಿಗೆಯನ್ನು ಎರಡು ಸಲ ಸುತ್ತಿ, ಮುಕ್ಕಾಲು ತಾಸಿಗೆ ಮುಗಿಯಿತು. ಅವರು ಒಂದೊಂದು ವಾಕ್ಯ ಆಡಿದಾಗಲೂ ಬ್ಯಾಟರಿ ಇಷ್ಟಿಷ್ಟೇ ಇಳಿಯುವುದು ಗದ್ದೆಪ್ಪನಿಗೆ ಗೊತ್ತಾಗುತ್ತಿತ್ತು. ನಿಲ್ಲಿಸಿರಿ ಎನ್ನುವಂತಿರಲಿಲ್ಲ. ಅರ್ಜಿ ಕೊಡಬೇಕಾದವರು ಅವರೇ.

ಕಡೆಗೂ ಗುಂಡಿ ಒತ್ತಿದ. ಸುರುಳಿ ಗುರ್ ಎಂದಿತು, ನಳಿಗೆ ಹೊಳೆಯಿತು. ಮಂದಿ ಕತ್ತು ಮುಂದೆ ಚಾಚಿದರು.

"ನೋಡ್ರಿ, ವಸ್ತುವಿನ ನಾಲ್ಕನೇ ಸ್ಥಿತಿ ಇದು," ಎಂದು ಗದ್ದೆಪ್ಪ ಶುರುಮಾಡಿದ.

"ಅದೇನು ನಡುವ ಕರ್ರಗ ಕಾಣಾಕತ್ತದ?" ಎಂದರು ಸಾಹೇಬರು.

ಬುರ್ಹಾನುದ್ದೀನರು ಎದ್ದು ನಿಂತರು. "ನಂಬರ್ ಸಾಬ್. ನಲವತ್ತೇಳು. ದಫ್ತರದಾಗೂ ಅಷ್ಟೇ ಅದ."

ಸಾಹೇಬರು ಮೆಚ್ಚಿ ತಲೆಯಾಡಿಸಿದರು. ಅಷ್ಟರಲ್ಲಿ ಬೆಳಕು ತೆಳ್ಳಗಾಯಿತು, ಎರಡು ಸಲ ಮಿಣುಕಿತು, ಆರಿತು. ಗದ್ದೆಪ್ಪ ಒತ್ತಿಯೇ ಒತ್ತಿದ. ಕತ್ತಲೆಯಲ್ಲಿ ಯಾರೋ ಸೀನಿದರು. ಅವನ ಏಳು ವರ್ಷದ ಕಾಯುವಿಕೆ ಮಲ್ಲಯ್ಯನವರ ಬಾಯಿಯಿಂದ ಹರಿದು ಹೋಗಿತ್ತು.

ಆಗ ಮಾಳಿಂಗಪ್ಪನ ದನಿ ಕೇಳಿಸಿತು. "ಸರ್, ನಾ ಹೇಳ್ಲೇನ್ರಿ? ನಿನ್ನಿ ನೀವು ಕಲಿಸಿದ್ದನ್ನ ಕುರಿ ಮ್ಯಾಲ ಹಚ್ಚಿ ನೋಡೀನ್ರಿ. ಹಟ್ಟಿಯೊಳಗ ಒತ್ತಿ ನಿಂತ ಕುರಿ ಘನ. ಹಾದಿ ಹಿಡಿದು ಹೊಂಟ ಕುರಿ ದ್ರವ. ಅಡವ್ಯಾಗ ಚದುರಿ ಮೇಯಾಕತ್ತಿದ್ವಂದ್ರ ಅನಿಲ. ಆವಾಗೂ ತಾಯಿ ಮಗ್ಗಲಕ ಮರಿ ಇರ್ತದ್ರಿ. ತೋಳ ನುಗ್ಗಿತಂದ್ರ ತಾಯಿ ಒಂದ್ಕಡಿ, ಮರಿ ಒಂದ್ಕಡಿ, ಎಲ್ಲಾ ಓಡ್ಯಾಡ್ತಾವ. ಅದೇ ಪ್ಲಾಸ್ಮಾ. ತೋಳ ಅಂದ್ರ ಕರೆಂಟು. ತಾಯಿ ಮರಿ ತಿರುಗಿ ಕೂಡಿದಾಗ ಖುಷಿ ಆಗ್ತದಲ್ಲ, ಅದು ಬೆಳಕು."

ಸಾಹೇಬರು ಮನಸಾರೆ ನಕ್ಕರು.

"ಮೂವತ್ತು ವರ್ಷದ ನೌಕರಿಯೊಳಗ ನನಗೆ ಇದು ಇವತ್ತೇ ತಿಳೀತು. ನಿನಗ ಯಾರು ಕಲಿಸಿದ್ರಪ್ಪ?"

"ನಮ್ಮ ಗದ್ದೆಪ್ಪ ಸರ್ರು, ಸಾಹೇಬ್ರ."

ಗದ್ದೆಪ್ಪನಿಗೆ ಆ ಹುಡುಗನನ್ನು ಅಪ್ಪಿಕೊಳ್ಳುವಷ್ಟು ಪ್ರೀತಿ ಬಂತು. ಜೇಬಿನಿಂದ ಅರ್ಜಿ ತೆಗೆದು ಮಲ್ಲಯ್ಯನವರ ಕೈಗಿಟ್ಟ. ಅವರು ಮಾತಿಗೆ ತಪ್ಪದೆ ಅದನ್ನು ಸಾಹೇಬರಿಗೆ ಕೊಟ್ಟರು. ಸಾಹೇಬರು ಓದಿ, ಚೀಲದಿಂದ ಬೇರೊಂದು ಹಾಳೆ ತೆಗೆದರು.

"ಎಂಥ ಮಜಾ ನೋಡ್ರಿ. ಎರಡು ವರ್ಷ ಆದ್ರೂ ಪೆಟ್ಟಿಗಿ ಬಿಚ್ಚಿಲ್ಲ ಅಂತ ನಮಗ ವರದಿ ಬಂದಿತ್ತು. ಅದಕ್ಕ ಪೆಟ್ಟಿಗಿನೂ, ವಿಜ್ಞಾನದ ಮಾಸ್ತರನ್ನೂ ರಾಯಚೂರಿಗೆ ಹಾಕಿ ಆರ್ಡರ್ ಮಾಡಿಕೊಂಡೇ ಬಂದಿದ್ದೆ."

ಗದ್ದೆಪ್ಪ ಆ ಹಾಳೆಗೆ ಕೈ ಚಾಚಿದ.

"ಆದ್ರ ಈಗ ನೋಡಿದ್ಮ್ಯಾಲ ಆ ತಪ್ಪು ಮಾಡಂಗಿಲ್ಲ. ರಾಯಚೂರಾಗ ಕರೆಂಟ್ ಅದ, ಕತ್ತಲಿ ಕೋಣಿ ಅದ, ಅಲ್ಲಿ ಪೆಟ್ಟಿಗಿ ಬೇಕು. ಇಲ್ಲಿ ಈ ಮಾಸ್ತರ ಇದ್ರ ಪೆಟ್ಟಿಗಿನೇ ಬ್ಯಾಡ. ಇವರು ಕುರಿ ಇಟ್ಕೊಂಡು ಕಲಿಸ್ತಾರ. ಇಂಥವರನ್ನ ಈ ಸಂಸ್ಥೆ ಬಿಟ್ಟು ಕದಲಿಸಬಾರದು."

ಹಾಗೆಂದು ಪೆನ್ನು ತೆಗೆದು ಎರಡು ಹೆಸರಿನಲ್ಲಿ ಒಂದನ್ನು ಹೊಡೆದುಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಮಾಳಿಂಗಪ್ಪ.

ಪೆಟ್ಟಿಗೆ ಜೀಪು ಹತ್ತಿತು. "ನಿಮ್ಮನ್ನೂ ಊರಿಗೆ ಬಿಡ್ತಿದ್ದೆ ಗದ್ದೆಪ್ಪನವರ. ಗಾಜಿನ ಸಾಮಾನು, ಸೀಟಿನ ಮ್ಯಾಲ ಇಡಬೇಕಾತು," ಎಂದರು ಸಾಹೇಬರು. ಜೀಪು ಧೂಳೆಬ್ಬಿಸಿಕೊಂಡು ಹೋಯಿತು.

ಬುರ್ಹಾನುದ್ದೀನರು ಡಬ್ಬಿ, ಕುಂಚ ಹಿಡಿದು ಪಡಸಾಲೆಯಲ್ಲಿ ಓಡಾಡುತ್ತಿದ್ದರು. "ನಲವತ್ತೇಳು ಖಾಲಿ ಆತಲ್ಲ ಸಾಬ್. ದಫ್ತರದಾಗ ಜಾಗಾ ಖಾಲಿ ಬಿಡಬಾರದು. ಹೊಸಾ ಸ್ಟೂಲಿಗೆ ಅದನ್ನೇ ಹಾಕೀನಿ." ಗದ್ದೆಪ್ಪನಿಗೆ ಯಾವುದೂ ಕಿವಿಗೆ ಬೀಳಲಿಲ್ಲ. ಸಿಕ್ಕ ಸ್ಟೂಲಿನ ಮೇಲೆ ಕುಸಿದು, ಬಸ್ಸಿನ ಹೊತ್ತಾಗುವ ತನಕ ತಲೆ ಹಿಡಿದುಕೊಂಡು ಕೂತ.

ರಾಯಚೂರಿನ ಮನೆ ಮುಟ್ಟಿದಾಗ ದೀಪ ಹಚ್ಚಿದ್ದರು. "ಶನಿವಾರದಪ್ಪ ಬಂದ," ಎಂದು ಮಗಳು ಒಳಗೆ ಕೂಗಿ ಹೇಳಿದಳು.

ಕನಕಮ್ಮ ನೀರು ತಂದಳು. "ಸಂಜಿಮುಂದ ಎದುರಿನ ಸಾಲಿಗೆ ನಿಮ್ಮ ದೇವದುರ್ಗದಿಂದ ಒಂದು ಪೆಟ್ಟಿಗಿ ವರ್ಗ ಆಗಿ ಬಂತ್ರಿ. ಅದರ ಹಿಂದ ನೀವೂ ಇಳೀತೀರೇನೋ ಅಂತ ಜೀಪು ಹೋಗೋ ತನಕ ಬಾಗಿಲದಾಗ ನಿಂತಿದ್ದೆ."

ಗದ್ದೆಪ್ಪ ಕೈಕಾಲು ತೊಳೆಯಲು ತಿರುಗಿದ. ಕನಕಮ್ಮ ಅವನ ಪ್ಯಾಂಟಿನ ಹಿಂಭಾಗವನ್ನೇ ನೋಡುತ್ತ ನಿಂತಳು.

"ಇದೇನ್ರಿ, ಹಸರ ಬಣ್ಣದಾಗ ನಲವತ್ತೇಳು ಅಂತ ತಿರುಗಾಮುರುಗಾ ಮೂಡ್ಯದ. ಸೀಮಿಎಣ್ಣಿ ಹಚ್ಚಿ ತಿಕ್ಕಲೇನು?"

"ಬ್ಯಾಡ," ಎಂದ ಗದ್ದೆಪ್ಪ. "ಬುರ್ಹಾನುದ್ದೀನ್ ಸಾಹೇಬ್ರ ಪರವಾನಿಗಿ ಇಲ್ದ ಆ ನಂಬರ್ ಅಳಿಸಂಗಿಲ್ಲ."