ಸತ್ತ ನಕ್ಷತ್ರಕ್ಕೆ ಗುಲಾಬಿ ಪಟಕಾ

ನನಗೆ ಜಂಬವಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರುವುದೆಲ್ಲ ಅದರದೇ ವಿಸ್ತಾರ. ಬೇರೆಯವರಿಗೆ ಜಂಬಪಡಲು ಮಗನ ಮಾರ್ಕ್ಸೋ ಎಮ್ಮೆಯ ಹಾಲೋ ಸಾಕು. ನನ್ನದು ಸ್ವಲ್ಪ ದೂರದ್ದು. ಹಗಲು ನಿಲಂಗಾದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು, ಔರಾದ ಶಹಾಜನಿಯ ಮನೆಗೆ ಮರಳಿ, ರಾತ್ರಿ ನಮ್ಮ ತೊಗರಿ ಹೊಲದಲ್ಲಿ ಟೆಲಿಸ್ಕೋಪು ನಿಲ್ಲಿಸಿ ನೀಹಾರಿಕೆಗಳ, ಅಂದರೆ ನಕ್ಷತ್ರಗಳ ನಡುವೆ ಹರಡಿದ ಅನಿಲದ ಮೋಡಗಳ, ಫೋಟೋ ತೆಗೆಯುತ್ತೇನೆ. ಈ ಸೀಮೆಯಲ್ಲಿ ಈ ಕೆಲಸ ಮಾಡುವವನು ನಾನೊಬ್ಬನೇ ಎಂದು ನನ್ನ ನಂಬಿಕೆ. ಇನ್ನೊಬ್ಬರಿದ್ದರೆ ದಯವಿಟ್ಟು ನನಗೆ ತಿಳಿಸಬೇಡಿ.

ನನ್ನ ಕ್ಯಾಮೆರಾಕ್ಕೆ ಬಣ್ಣ ಗೊತ್ತಿಲ್ಲ. ಅದರ ಮುಂದೆ ಒಂದೊಂದು ಅನಿಲದ ಬೆಳಕನ್ನು ಮಾತ್ರ ಒಳಗೆ ಬಿಡುವ ಫಿಲ್ಟರ್ ಇಟ್ಟು ಹೈಡ್ರೋಜನ್ನಿನದೊಂದು, ಗಂಧಕದ್ದೊಂದು, ಆಮ್ಲಜನಕದ್ದೊಂದು ಕಪ್ಪು-ಬಿಳುಪು ಚಿತ್ರ ತೆಗೆಯಬೇಕು. ಬಣ್ಣ ಕೊಡುವುದು ಆಮೇಲೆ, ಕಂಪ್ಯೂಟರಿನಲ್ಲಿ. ಹೈಡ್ರೋಜನ್ ಮತ್ತು ಗಂಧಕ ಎರಡರ ಬೆಳಕೂ ನಿಜಕ್ಕೂ ಕೆಂಪೇ. ಇದ್ದದ್ದನ್ನು ಇದ್ದ ಹಾಗೆ ಬಿಟ್ಟರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಹಾಗಾಗಿ ಗಂಧಕಕ್ಕೆ ಕೆಂಪು, ಹೈಡ್ರೋಜನ್ನಿಗೆ ಹಸಿರು, ಆಮ್ಲಜನಕಕ್ಕೆ ನೀಲಿ ಎಂದು ದೊಡ್ಡ ಟೆಲಿಸ್ಕೋಪಿನವರು ಒಂದು ಪದ್ಧತಿ ಹಾಕಿಕೊಟ್ಟಿದ್ದಾರೆ. ಹೈಡ್ರೋಜನ್ ಬೇಕಾದಷ್ಟಿರುವುದರಿಂದ ಮೊದಲಿಗೆ ಎಲ್ಲವೂ ಹಸಿರೋ ಹಸಿರು. ನನ್ನ ಹೆಂಡತಿ ಇಣುಕಿ ನೋಡಿ, "ಪುದಿನಾ ಚಟ್ನಿ ಚೆಲ್ಲ್ಯಾದೇನ್ರೀ?" ಎಂದು ಕೇಳಿಹೋಗುತ್ತಾಳೆ.

ಈ ಸಲ ನಾನು ಹಿಡಿದದ್ದು, ಸಾವಿರಾರು ವರ್ಷಗಳ ಹಿಂದೆ ಸಿಡಿದು ಸತ್ತ ನಕ್ಷತ್ರವೊಂದರ ಅವಶೇಷ. ಅದರ ಎಳೆ ಎಳೆಯೂ ಬಂದಿತ್ತು. ಇದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಬೇಕೆಂದು ನನಗೆ ಆಸೆಯೋ ಆಸೆ. ಬಂದವರೆಲ್ಲ ಕೂರುವುದು ಆ ಗೋಡೆಯ ಎದುರಿಗೇ. ಆದರೆ ಗೋಡೆ ಅವ್ವನ ಸುಪರ್ದಿಯಲ್ಲಿದೆ, ಮತ್ತು ಅಲ್ಲಿ ಜಾಗ ಸಿಗುವುದು ತೀರಿಕೊಂಡ ಹಿರಿಯರಿಗೆ ಮಾತ್ರ.

"ಅಲ್ಲಿ ಸತ್ತವರು ಇರ್ತಾರ. ನಿಂದು ಅಡಗಿ ಮನ್ಯಾಗ ಹಚ್ಚು," ಎಂದಳು ಅವ್ವ.

"ಇದೂ ಸತ್ತದ್ದೇ ಅದ, ಅವ್ವಾ. ಮುತ್ಯಾನ ಮುತ್ಯಾಗಿಂತ ಮೊದಲ ಸತ್ತದ," ಎಂದೆ.

ಅವ್ವ ಲ್ಯಾಪ್‌ಟಾಪಿನತ್ತ ಬಗ್ಗಿ ನೋಡಿ "ಪಾಪ" ಎಂದಳು. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ, "ಇದರ ಬಣ್ಣ ಖರೇನ ಹಿಂಗೇ ಅದ ಏನು?" ಎಂದು ಕೇಳಿದಳು.

"ಇಲ್ಲ. ಬಣ್ಣ ನಾ ಕೊಟ್ಟೀನಿ."

"ಹಂಗಾದ್ರ ಖೋಟಾ. ಖೋಟಾ ನಮ್ಮ ಗ್ವಾಡಿಗೆ ಬ್ಯಾಡ."

ನನಗೆ ಸಿಟ್ಟು ನೆತ್ತಿಗೇರಿತು. ಗೋಡೆಯ ನಟ್ಟನಡುವೆ ಕೂತಿದ್ದ ನನ್ನ ಅಜ್ಜನ, ಅಂದರೆ ಮುತ್ಯಾನ, ಫೋಟೋಕ್ಕೆ ಬೆರಳು ತೋರಿಸಿದೆ. ಅದು ಚಿಕ್ಕದೊಂದು ಕಪ್ಪು-ಬಿಳುಪು ಚಿತ್ರ. ಮುತ್ಯಾ ತೀರಿಕೊಂಡ ಮೇಲೆ ಉದಗೀರದ ಸ್ಟುಡಿಯೋದವನು ಅದನ್ನು ದೊಡ್ಡದು ಮಾಡಿ ಕೈಯಿಂದ ಬಣ್ಣ ತುಂಬಿದ್ದ. ಮುತ್ಯಾ ಜನ್ಮವಿಡೀ ತಲೆಗೆ ಸುತ್ತಿದ್ದು ಬಿಳಿ ಪಟಕಾ. ಫೋಟೋದಲ್ಲಿ ಮಾತ್ರ ಅಪ್ಪಟ ಗುಲಾಬಿ! "ಇದು ಖೋಟಾ ಅಲ್ಲೇನು?" ಎಂದೆ. ಬೇಳೆ ಆರಿಸುತ್ತಿದ್ದ ಹೆಂಡತಿಯ ಕೈ ನಿಂತಿತು.

ಅವ್ವ ಎದ್ದು ಸೆರಗಿನಿಂದ ಫೋಟೋದ ಗಾಜು ಒರೆಸಿದಳು. "ಪಟಕಾ ಯಾವ ಬಣ್ಣ ಅಂತ ಅಂವಾ ಕೇಳ್ದಾ. ನಮ್ಮ ಅತ್ತಿ ಅಳ್ಕೋತ ಕುಂತಿದ್ರು. ನಾನೇ ಗುಲಾಬಿ ಅಂದೆ. ನನ್ನ ಲಗ್ನದ ದಿನ ಮಾವಾರು ಗುಲಾಬಿ ಪಟಕಾ ಸುತ್ತಿದ್ರು. ಅವತ್ತು ಹ್ಯಾಂಗ ನಗ್ತಿದ್ರು ಅಂತಿ! ಬಿಳಿ ಹಚ್ಚಿದ್ರ ಆ ನಗಿ ಕಾಣ್ತಿರಲಿಲ್ಲ."

ಮರೆಯಾಗಿ ಹೋಗುವುದನ್ನು ಕಾಣಿಸಲೆಂದೇ ಬಣ್ಣ ಕೊಡುವುದು ಎಂದು ನಾನು ಹುಡುಗರಿಗೆ ಹೇಳಲು ಎಷ್ಟೋ ಸಲ ಹೆಣಗಿದ್ದೇನೆ. ಅವ್ವ ಅದನ್ನು ಗಾಜು ಒರೆಸುತ್ತಲೇ ಹೇಳಿಬಿಟ್ಟಿದ್ದಳು.

"ನಿನಗ ಈ ಬಣ್ಣ ಯಾರು ಹೇಳ್ಯಾರ?" ಎಂದು ಕೇಳಿದಳು. ದೊಡ್ಡ ಟೆಲಿಸ್ಕೋಪಿನವರ ಪದ್ಧತಿ ಎಂದೆ.

"ನಮ್ಮ ಮನಿ ಫೋಟೋಕ್ಕ ಅವರ್ಯಾಕ ಹೇಳಬೇಕು? ಕುರ್ಚಿ ತಾ."

ಆ ಭಾನುವಾರ ಮಧ್ಯಾಹ್ನವೆಲ್ಲ ಅವ್ವ ಪಕ್ಕದಲ್ಲಿ ಕೂತು ಅಪ್ಪಣೆ ಕೊಟ್ಟಳು, ನಾನು ಮೌಸ್ ಆಡಿಸಿದೆ. ಹೈಡ್ರೋಜನ್ನಿಗೆ ಮುತ್ಯಾನ ಗುಲಾಬಿ, ಗಂಧಕಕ್ಕೆ ಅರಿಶಿನ, ಆಮ್ಲಜನಕಕ್ಕೆ ಅವಳ ಇಳಕಲ್ ಸೀರೆಯ ನೀಲಿ. "ಥೋಡೆ ಕಡಿಮಿ ಮಾಡು, ಕಣ್ಣಿಗಿ ಹೊಡೀತದ," ಎಂದರೆ ಕಡಿಮೆ ಮಾಡಿದೆ. ಸುಳ್ಳೇಕೆ, ನನ್ನ ಹಸಿರಿನಲ್ಲಿ ಮುಳುಗಿದ್ದ ಎಳೆಗಳೆಲ್ಲ ಬೇರೆ ಬೇರೆಯಾಗಿ ಎದ್ದುನಿಂತವು. ಚಿತ್ರವನ್ನು ಆಕಾಶ ಛಾಯಾಗ್ರಾಹಕರ ಗುಂಪಿಗೆ ಕಳಿಸಿದೆ. ಅಲ್ಲಿ ಯಾರನ್ನೂ ಸುಲಭಕ್ಕೆ ಮೆಚ್ಚದ ಹಿರಿಯರೊಬ್ಬರು, ಇದು ಯಾವ ಪದ್ಧತಿ ಎಂದು ವಿಚಾರಿಸಿದರು. ಎದೆಯುಬ್ಬಿಸಿ "ಔರಾದ ಪದ್ಧತಿ" ಎಂದು ಬರೆದೆ.

ಈಗ ನನ್ನ ನಕ್ಷತ್ರ ಮುತ್ಯಾನ ಪಕ್ಕದಲ್ಲೇ ಇದೆ. ಯಾರೇ ಬರಲಿ, "ಫೋಟೋ ನನ್ನ ಮಗ ಹೊಡದಾನ, ಬಣ್ಣ ನಾ ಹೇಳೀನಿ," ಎಂದು ಅವ್ವ ಶುರುಮಾಡುತ್ತಾಳೆ. ವಾರ ಕಳೆದಂತೆ ಮಾತಿನ ಮೊದಲರ್ಧ ಸಣ್ಣದಾಗುತ್ತಿದೆ. ಆಗಲಿ, ಗೋಡೆಯಂತೂ ಸಿಕ್ಕಿತಲ್ಲ.

ಕಳೆದ ಸೋಮವಾರ ಅವ್ವ ಪೂಜೆ ಮುಗಿಸಿ ಎಂದಿನಂತೆ ಹಿರಿಯರ ಫೋಟೋಗಳ ಗಾಜಿಗೆ ವಿಭೂತಿ ಹಚ್ಚುತ್ತ ಬಂದಳು. ಮುತ್ಯಾನಿಗೆ ಮೂರೆಳೆ. ಮುಂದಿನ ಮೂರೆಳೆ ನನ್ನ ನಕ್ಷತ್ರದ ಮೇಲೆ! ಅದೂ ದೀಪಾವಳಿ ರಜೆಯೆಲ್ಲ ಸವೆಸಿ ನಾನು ಹಿಡಿದಿದ್ದ, ಆಮ್ಲಜನಕದ ಅತಿ ಸೂಕ್ಷ್ಮ ಎಳೆಯ ಮೇಲೇ.

"ಅವ್ವಾ, ಅದಕ್ಯಾಕ?" ಎಂದು ಚೀರಿದೆ.

"ಸತ್ತದ ಅಂತ ನೀನೇ ಹೇಳಿದೆಲ್ಲೋ," ಎಂದಳು, ತಿರುಗಿಯೂ ನೋಡದೆ.

ವಾದ ಮಾಡಿ ಗೆದ್ದವನು ನಾನೇ, ಯಾರನ್ನು ದೂರಲಿ? ಈಗ ಬಂದವರಿಗೆ ಎದೆಯುಬ್ಬಿಸಿಯೇ ತೋರಿಸುತ್ತೇನೆ: ಈ ಚಿತ್ರದಲ್ಲಿ ಎಲ್ಲಕ್ಕಿಂತ ಕಷ್ಟಪಟ್ಟು ಹಿಡಿದದ್ದು ಇಲ್ಲಿದೆ ನೋಡಿ, ವಿಭೂತಿಯ ಕೆಳಗೆ.