ಜನರಲ್ ಸಾಹೇಬರ ಕೆಟ್ಟ ಪ್ರಶ್ನೆ

ಮೂರು ದೇಶಗಳ ಯುದ್ಧ ಕಂಡವರು ಮಧುಗಿರಿಯಲ್ಲಿ ಒಬ್ಬರೇ ಇದ್ದರು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎಂಬಷ್ಟು ಲೋಕಜ್ಞಾನ ಇಲ್ಲದವರೂ ಅವರೊಬ್ಬರೇ!

ಬ್ರಿಟಿಷ್ ಸೈನ್ಯದಲ್ಲಿ ಜನರಲ್ ಆಗಿ ನಿವೃತ್ತರಾಗಿ, ಬೆಟ್ಟದ ಬುಡದ ಹೆಂಚಿನ ಬಂಗಲೆಯಲ್ಲಿ ಒಂಟಿಯಾಗಿದ್ದರು. ಮೀಸೆ ಮೂಡುವ ಮೊದಲೇ ಸೈನ್ಯ ಸೇರಿ, ವಾಯವ್ಯ ಗಡಿಯಲ್ಲಿ ಗುಂಡೇಟು ತಿಂದು, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಕೆಸರು ತುಳಿದು, ಸಾವಿರಾರು ಜನರನ್ನು ಆಳಿದವರು. ಈಗ ಅವರ ಆಳ್ವಿಕೆಗೆ ಉಳಿದಿದ್ದವನು ಶಿರಾದ ಒಬ್ಬ ಮುದಿ ಅಡಿಗೆಯವನು. ಅವನೂ ಹೇಳಿದ ಮಾತು ಕೇಳುತ್ತಿರಲಿಲ್ಲ. ಸೋಮವಾರ, ಗುರುವಾರ ಅವರಿಗೆ ಕನ್ನಡ ಕಲಿಸಲು ಹೋಗುತ್ತಿದ್ದ ಸ್ಕೂಲು ಮೇಷ್ಟ್ರು ನಾನು.

ಸೈನ್ಯ ಬಿಟ್ಟರೂ ಯುದ್ಧ ಬಿಟ್ಟಿರಲಿಲ್ಲ. ಸುತ್ತಲಿನ ಕೋಟೆಗಳನ್ನೆಲ್ಲ ಕಾಗದದ ಮೇಲೆ ಗೆಲ್ಲುತ್ತಿದ್ದರು. ಮಿಡಿಗೇಶಿ ಎರಡು ದಿನಕ್ಕೆ ಬಿತ್ತು. ಚನ್ನರಾಯನದುರ್ಗಕ್ಕೆ ನನ್ನನ್ನೂ ಎಳೆದುಕೊಂಡು ಹೋಗಿ, ಅಲ್ಲಿ ಕುರಿ ಮೇಯಿಸುತ್ತಿದ್ದವನನ್ನು ನಾನು ಕಲಿಸಿದ ಶುದ್ಧ ಕನ್ನಡದಲ್ಲಿ ವಿಚಾರಿಸಿದರು: “ಈ ದುರ್ಗವನ್ನು ವಶಪಡಿಸಿಕೊಳ್ಳಲು ಎಷ್ಟು ಸೈನಿಕರು ಬೇಕು?”

“ಸೈನಿಕ್ರು ಯಾಕೆ ಸ್ವಾಮಿ? ಬಾಗ್ಲೇ ಇಲ್ಲ, ಅಂಗೇ ಒಳೀಕೋಗಿ. ಕುರಿ ಬೆದರಿಸ್ಬ್ಯಾಡಿ ಅಷ್ಟೆ.”

ಸಾಹೇಬರು ಟೋಪಿ ತೆಗೆದು, ಕುರಿಗಳು ಬೆದರದಂತೆ ಸುತ್ತಿ ಬಳಸಿ ಒಳಗೆ ಹೋದರು.

ಇದನ್ನೆಲ್ಲ ಸಹಿಸಬಹುದು. ಆದರೆ ಆ ಪ್ರಶ್ನೆ! ಪಾಠ ಮುಗಿಸಿ ನಾನು ಚಪ್ಪಲಿ ಮೆಟ್ಟಿದೆನೋ ಇಲ್ಲವೋ, “ಮೇಷ್ಟ್ರೇ, ಎಲ್ಲಿಗೆ ಹೊರಟಿರಿ?” ಹಾಗೆ ಕೇಳಿದರೆ ಹೊರಟ ಕೆಲಸ ಕೆಡುತ್ತದೆ ಎಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ವಾಪಸು ಬಂದು, ಕೂತು, ನೀರು ಕುಡಿದು, ನಾಲ್ಕು ಮಾತಾಡಿಯೇ ಏಳಬೇಕು. ಅಪರೂಪಕ್ಕೆ ಬಂದ ಅಂಚೆಯವನೂ ಹೀಗೇ ಕೂತ. ನಾನಂತೂ ಕೂತೂ ಕೂತೂ, ಶಿರಾಕ್ಕೆ ಹೆಣ್ಣು ನೋಡಲು ಹೋಗಬೇಕಾಗಿದ್ದ ಬಸ್ಸನ್ನೇ ತಪ್ಪಿಸಿಕೊಂಡೆ. ಆ ಹುಡುಗಿಗೆ ಬೇರೆ ಕಡೆ ಮದುವೆಯಾಯಿತು. ಪಾಪ, ಪರದೇಶದವರು, ತಿಳಿಯದು ಎಂದು ಹಲ್ಲು ಕಚ್ಚಿಕೊಂಡು ಸುಮ್ಮನಾದೆ.

ಕೊನೆಗೊಂದು ಸೋಮವಾರ, ಪಾವಗಡಕ್ಕೆ ವರ್ಗವಾಗಿದೆ ಎಂದು ಹೇಳಿ ಹೋಗಲು ಬಂದೆ. ಪೆಟ್ರೋಲ್ ಸಿಗದ ಆ ಕಾಲದ ಇದ್ದಿಲು ಬಸ್ಸು ಹೊರಡಲು ಅರ್ಧ ಗಂಟೆಯಿತ್ತು. ಕಾಫಿ ಕುಡಿದು ಎದ್ದು ಚಪ್ಪಲಿ ಮೆಟ್ಟಿದೆ.

“ಮೇಷ್ಟ್ರೇ, ಎಲ್ಲಿಗೆ ಹೊರಟಿರಿ?”

ನನಗೆ ರೇಗಿತು. “ಸ್ವಾಮಿ, ಇಷ್ಟು ವರ್ಷ ಸಂಕೋಚಕ್ಕೆ ಹೇಳಲಿಲ್ಲ. ಹೊರಟೋರನ್ನ ಹಂಗೆ ಕೇಳಬಾರದು,” ಎಂದೆ.

ನೀರಿನ ಚೊಂಬು ಹಿಡಿದು ಬಂದ ಅಡಿಗೆಯವನು ನಕ್ಕುಬಿಟ್ಟ. “ಅವ್ರಿಗೆ ಮಾಲೂಮ್ ಐತೆ ಮೇಷ್ಟ್ರೇ. ಬಂದ ವರ್ಷಾನೇ ನಾನು ಹೇಳ್ಬುಟ್ಟಿದ್ದೆ, ಅಂಗೆ ಕೇಳಿದ್ರೆ ಜನ ವಾಪಸ್ ಬಂದು ಕೂರ್ತಾರೆ ಅಂತ.”

ಸಾಹೇಬರ ಮುಖ ಕೆಂಪಾಯಿತು. ಗುಂಡಿಗೆ ಎದೆಯೊಡ್ಡಿದ ಮನುಷ್ಯ ತಲೆ ಎತ್ತಲಿಲ್ಲ.

“ಕ್ಷಮಿಸಿ. ನೀವು ಹೋದರೆ ಗುರುವಾರದವರೆಗೆ ಯಾರೂ ಬರುತ್ತಿರಲಿಲ್ಲ,” ಎಂದರು. ನನ್ನ ಕಾಫಿ ಲೋಟ ಎತ್ತಿ ಪಕ್ಕಕ್ಕಿಟ್ಟು, “ಇನ್ನು ಗುರುವಾರವೂ ಯಾರೂ ಬರುವುದಿಲ್ಲ,” ಎಂದರು.

ಪೇಟೆಯ ಕಡೆಯಿಂದ ಬಸ್ಸಿನ ಹಾರನ್ ಕೇಳಿಸಿತು. ಚಪ್ಪಲಿ ಬಿಟ್ಟು ಬಂದು ಅವರ ಪಕ್ಕದಲ್ಲಿ ಕೂತೆ. ಪಾವಗಡಕ್ಕೆ ನಾಳೆಯೂ ಬಸ್ಸಿದೆ ಎಂದೆ.